ಸಿಂಗಲ್ ಅಂದದ್ದಕ್ಕೆ

ಶಹಾಬಾದ
೧೪ ನವೆಂಬರ್ ೨೦೨೪

ಕಾಶೀನಾಥ ಅವರಿಗೆ,

ನೀವು ಚಿಂಚೋಳಿಯಲ್ಲಿ ನಿಮ್ಮ ಅಕ್ಕನ ಮನೆಯಲ್ಲಿದ್ದೀರಿ ಎಂದು ತಿಳಿಯಿತು. ಫೋನಿನಲ್ಲಿ ನೀವು ಅಳುತ್ತೀರಿ, ನಾನು ಕರಗುತ್ತೇನೆ. ಅದಕ್ಕೇ ಕಾಗದ.

ನನ್ನ ತಮ್ಮ ಅಣವೀರನ ಬಲಗೈಗೆ ಹಾಕಿದ ಪ್ಲಾಸ್ಟರ್ ಇನ್ನೂ ತೆಗೆದಿಲ್ಲ. ಅವನೇ ಮೊದಲು ಕೈ ಎತ್ತಿದ ಎಂದು ಎಲ್ಲರಿಗೂ ಹೇಳುತ್ತಿದ್ದೀರಂತೆ. ನಾನು ಅಲ್ಲೇ ಇದ್ದೆ, ನೆನಪಿದೆಯಲ್ಲ?

ಗ್ಯಾರೇಜಿನಲ್ಲಿ ಕಾರಿನ ಬಾನೆಟ್ ತೆರೆದಿತ್ತು. ರೇಸಿನಲ್ಲಿ ಓಡಿಸುವವಳು ನಾನು. ಎಂಜಿನ್ನಿಗೆ ಗಾಳಿ ನೂಕಿ ಜೋರು ಹೆಚ್ಚಿಸುವ ಟರ್ಬೊ ದೊಡ್ಡದು ಒಂದು ಹಾಕುವುದೋ, ಸಣ್ಣವು ಎರಡೋ ಎಂದು ನನ್ನನ್ನೇ ಕೇಳಿದಿರಿ.

"ಎರಡು ಹಾಕಿದ್ರ ಎಕ್ಸಲರೇಟರ್ ಮ್ಯಾಲ ಕಾಲಿಟ್ಟ ಕೂಡ್ಲೇ ಎಳೀತದ" ಎಂದಿರಿ ನೀವು.

"ಪೈಪು ಜಾಸ್ತಿ, ಬಿಸಿನೂ ಜಾಸ್ತಿ ಮಾಮಾ. ಒಂದೇ ಸಾಕು, ಕಡೀಗಿ ಭಾಳ ಜೋರ್ ಕೊಡ್ತದ" ಎಂದ ಅಣವೀರ.

ನಾನು ಸಿಂಗಲ್ ಅಂದೆ. ಅಷ್ಟೇ.

"ತಮ್ಮನ ಮಾತ ಕೇಳ್ತಿ, ನಂದು ಕೇಳಂಗಿಲ್ಲೇನು?" ಎನ್ನುತ್ತ ಜಾಕಿನ ರಾಡು ಎತ್ತಿದಿರಿ. ಮೊದಲ ಏಟಿಗೇ ಅವನ ಮೊಣಕೈ ಮುರಿದ ಸದ್ದು ಕೇಳಿಸಿತು. ಬಿದ್ದವನ ಕೂದಲು ಹಿಡಿದೆತ್ತಿ, ಆಗಷ್ಟೇ ಆರಿಸಿದ್ದ ಎಂಜಿನ್ನಿನ ಬಿಸಿ ಎಕ್ಸಾಸ್ಟ್ ಪೈಪಿಗೆ ಮುಖ ಒತ್ತಿದಿರಿ. ಚರ್ಮ ಸುಟ್ಟ ವಾಸನೆ ಬಂತು. "ಬಿಡ್ರಿ, ಸಾಯ್ತಾನ್ರಿ!" ಎಂದು ಕಿರುಚಿದೆ. ಬಿಡಲಿಲ್ಲ. ವೀಲ್ ಸ್ಪ್ಯಾನರಿನಿಂದ ನಿಮ್ಮ ಹೆಗಲಿಗೆ ಹೊಡೆದೆ. ನನ್ನತ್ತ ತಿರುಗಿದಾಗ ಬಾಯಿಗೆ ಹೊಡೆದೆ. ರಕ್ತದ ಜೊತೆ ಹಲ್ಲು ಕಲ್ಲಿನ ನೆಲಕ್ಕೆ ಬಿತ್ತು. ಅದಕ್ಕಾಗಿ ನನಗೆ ಒಂದಿಷ್ಟೂ ಪಶ್ಚಾತ್ತಾಪವಿಲ್ಲ.

ನಿಮ್ಮನ್ನು ಮದುವೆಯಾದಾಗಿನಿಂದ ನಾನು ಒಲ್ಲೆ ಎಂದಾಗಲೆಲ್ಲ ಈ ಮನೆಯಲ್ಲಿ ಏನೋ ಒಂದು ಒಡೆದಿದೆ. ಒಮ್ಮೆ ನನ್ನ ಕಿವಿಯ ತಮಟೆಯೂ. ಈ ಸಲ ಪೊಲೀಸರ ಮುಂದೆ ನಡೆದದ್ದನ್ನೆಲ್ಲ ಹೇಳಿದ್ದೇನೆ, ನನ್ನ ಸ್ಪ್ಯಾನರನ್ನೂ ಬಿಡದೆ.

ಸೇಡಂನಿಂದ ನಿಮ್ಮ ಅವ್ವ ಬಂದಿದ್ದರು. ರಾಜಿ ಮಾಡಿಸಲು ಬಂದಿರಬೇಕು ಎಂದುಕೊಂಡೆ. ಅಣವೀರನ ಸುಟ್ಟ ಕೆನ್ನೆ ನೋಡಿ ಬಾಗಿಲಲ್ಲೇ ಕುಳಿತುಬಿಟ್ಟರು. "ನಿನ್ನ ಮಾವನೂ ಹಿಂಗೇ ಇದ್ದ. ನಾ ಬಾಯಿ ಮುಚ್ಕೊಂಡು ಇದ್ದುಬಿಟ್ಟೆ. ನೀ ಮುಚ್ಕೋಬ್ಯಾಡ" ಎಂದರು. ಕೋರ್ಟಿಗೆ ಅವರೇ ನನ್ನ ಜೊತೆ ಬರುತ್ತಾರೆ.

ನೀವು ಈ ಮನೆಗೆ ಬರಬೇಡಿ.

ಉಮಾದೇವಿ

ಮರೆತಿದ್ದೆ: ಟರ್ಬೊ ವಿಷಯದಲ್ಲಿ ನೀವು ಹೇಳಿದ್ದೇ ಸರಿ. ನಮ್ಮ ರೇಸಿನ ದಾರಿ ಗಿಡ್ಡ. ದೊಡ್ಡದು ಎಚ್ಚರಾಗುವಷ್ಟರಲ್ಲಿ ದಾರಿಯೇ ಮುಗಿದುಹೋಗುತ್ತದೆ. ಅಣವೀರ ಎಡಗೈಯಿಂದಲೇ ಎರಡು ಸಣ್ಣವನ್ನು ಜೋಡಿಸಿದ. ಮೊನ್ನೆ ಗೆದ್ದೆ. ಆದರೂ ಬರಬೇಡಿ.