ಮುಲ್ಟೆ ಹಣ್ಣಿನ ನಕ್ಷೆ

ಪ್ರೀತಿಯ ಚಿಕ್ಕಮ್ಮ,

ನಾನು ಈ ಬೇಸಿಗೆ ಕೆಲಸಕ್ಕೆ ಸೇರಿರುವ ಹೋಟೆಲಿನ ಬಾಣಸಿಗ ಹಾಲ್ವರ್ ಉತ್ತರ ತುದಿಯ ಈ ದ್ವೀಪದಲ್ಲಿ ಸಿಗುವುದನ್ನಷ್ಟೇ ಬೇಯಿಸುತ್ತಾನೆ. ನಿಂಬೆಹಣ್ಣಿಗೂ ಅಡುಗೆಮನೆಗೆ ಪ್ರವೇಶವಿಲ್ಲ. ಆದರೆ ಮುಲ್ಟೆ ಹಣ್ಣು ಬೆಳೆಯುವ ತನ್ನ ಜೌಗುನೆಲವನ್ನು ಹೆಂಡತಿಗೂ ತೋರಿಸಿಲ್ಲ; ಈ ಊರಿನವರೆಲ್ಲ ಹೀಗೆಯೇ. ಕಾಡಿನ ಹಣ್ಣು ಎಲ್ಲರ ಸೊತ್ತು, ಜಾಗ ಮುಚ್ಚಿಡುವುದು ಕಳ್ಳತನ ಎಂದು ನಾನು ಜೊತೆಗೆ ತಂದಿದ್ದ ಕರಪತ್ರವೊಂದನ್ನು ಅವನಿಗೆ ಓದಿ ಹೇಳಿದೆ. ಆ ಜಾಗದ ನಕ್ಷೆ ಬರೆದು ಬಾಗಿಲಿಗೆ ಅಂಟಿಸುತ್ತೇನೆಂದು ಸಾರಿದೆ.

ನಿನ್ನೆ ಬಕೆಟ್ ಹಿಡಿದು ಹೊರಟವನ ಹಿಂದೆಯೇ ಹೋದೆ. ಮಂಜಿನಲ್ಲಿ ಅವನೂ ಕಣ್ತಪ್ಪಿದ, ದಾರಿಯೂ ತಪ್ಪಿತು. ಆಗ ಬೇರೆಯೇ ಒಂದು ಜೌಗು ಸಿಕ್ಕಿತು: ಯಾರೂ ಮುಟ್ಟದ ಹಣ್ಣು, ನೆಲವೆಲ್ಲ ಹೊಂಬಣ್ಣ. ಟೊಪ್ಪಿಗೆ ತುಂಬ ಕಿತ್ತುಕೊಂಡು, ದಾರಿ ಗುರುತಿಟ್ಟುಕೊಂಡು ಬಂದೆ.

ಹಾಲ್ವರ್ ಒಂದು ಹಣ್ಣು ಬಾಯಿಗೆ ಹಾಕಿ ಚಾಕು ಕೆಳಗಿಟ್ಟ.

“ಇದು ನನ್ನ ಜಾಗದ್ದಲ್ಲ. ಎಲ್ಲಿ ಸಿಕ್ತು?”

“ಆ ಕಡೆ ಎಲ್ಲೋ. ಮಂಜಿತ್ತು,” ಎಂದೆ.

“ನಕ್ಷೆ ಅಂಟಿಸ್ತೀನಿ ಅಂದಿದ್ಯಲ್ಲ ತಾಯಿ. ಬಾಗಿಲು ಖಾಲಿನೇ ಇದೆ, ಪೆನ್ಸಿಲ್ ಕೊಡ್ಲಾ?”

ಪಾತ್ರೆ ತೊಳೆಯುವ ಗೆರ್ಡ್ ಅಜ್ಜಿ ತಲೆಯೆತ್ತದೆ ಹೇಳಿದಳು: “ಬಿಡಪ್ಪ, ಇವತ್ತಿಂದ ಇವಳೂ ನಮ್ಮೂರೋಳೇ.”

ಸೊಳ್ಳೆ ಕಚ್ಚಿ ಎಡಗಣ್ಣು ಊದಿದೆ, ಉಳಿದಂತೆ ಕ್ಷೇಮ. ಹಣ್ಣು ಒಂದು ಡಬ್ಬಿ ಕಳಿಸುತ್ತೇನೆ. ಟಪಾಲು ದೋಣಿ ಕೂಗುತ್ತಿದೆ. ಕಾಡು ಎಲ್ಲರದೇ, ಆ ಮಾತಿನಿಂದ ನಾನು ಹಿಂದೆ ಸರಿದಿಲ್ಲ. ಜಾಗವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನಿಮ್ಮೂರ ಅಂಚೆಯವನು ಇಂಥ ಕಾರ್ಡುಗಳನ್ನು ಓದಿಯೇ ಹಂಚುವುದು.

ನಿನ್ನ ಸಿಗ್ನೆ