ಸೇತುವೆಯ ಮೇಲೆ ಸತ್ತವಳು

ಮಾರ್ಚ್ ೧೪, ಶುಕ್ರವಾರ

ಅಣ್ಣ ಊಟಕ್ಕೂ ಬರಲಿಲ್ಲ. ಮುನಿಸಿಕೊಳ್ಳಲಿ.

ನಾವಿಬ್ಬರೇ ಮಾಡಿದ ಕಂಪ್ಯೂಟರ್ ಆಟವನ್ನು ಮಾರುಕಟ್ಟೆಗೆ ತರಬೇಕಿದ್ದ ಕಂಪನಿಯ ಮ್ಯಾನೇಜರ್ ಇವತ್ತು ಬಂದು, ಒಂದೊಂದು ನಡೆಯನ್ನೂ ಯೋಚಿಸಿ ಯೋಚಿಸಿ ಆಡಿದರು. ಆಟದಲ್ಲಿ ಅವರ ಪಡೆಯ ಬಿಲ್ಲುಗಾರ್ತಿಗೂ ಅವಳ ತಮ್ಮನಿಗೂ ಮಾತು ನಿಂತುಹೋಗಿತ್ತು. ಅದು ನಾವು ಬರೆದದ್ದಲ್ಲ; ಪ್ರತಿ ಸಲವೂ ಆಟವೇ ಹೊಸ ಕತೆ ಹೆಣೆಯುತ್ತದೆ. ಸೇತುವೆಯ ಮೇಲೆ ತಮ್ಮನಿಗೆ ಬೀಳಲಿದ್ದ ಏಟಿಗೆ ಅಡ್ಡ ನಿಂತು ಅವಳು ಸತ್ತಳು. ಮ್ಯಾನೇಜರ್ ಮೌಸ್ ಬಿಟ್ಟರು.

“ಇವಳನ್ನ ಬದುಕಿಸೋ ಬಟನ್ ಎಲ್ಲಿದೆ?”

“ಇಲ್ಲ ಸರ್,” ಎಂದೆ.

“ಹಾಕಿ. ಆಡೋರು ಬೇಜಾರು ಮಾಡ್ಕೋತಾರೆ. ಹಾಕದಿದ್ರೆ ಈ ಆಟ ನಮಗೆ ಬೇಡ.”

ಮೇಜಿನ ಕೆಳಗೆ ಅಣ್ಣ ನನ್ನ ಕಾಲು ತುಳಿದ. ನಾನು ಜಗ್ಗಲಿಲ್ಲ.

“ಹಾಕಲ್ಲ ಸರ್. ಅವಳು ಎದ್ದು ಬಂದ್ರೆ, ಅಡ್ಡ ನಿಂತಿದ್ದಕ್ಕೆ ಅರ್ಥ ಏನು?”

ಅವರು ಸಹಿ ಹಾಕದೆ ಎದ್ದರು. ಬಾಗಿಲಲ್ಲಿ ತಿರುಗಿ, “ಆಮೇಲೆ ಆ ತಮ್ಮ ಏನಾದ?” ಎಂದರು.

“ನನಗೂ ಗೊತ್ತಿಲ್ಲ. ಮುಂದೆ ಆಡಿದ್ರೆ ಗೊತ್ತಾಗುತ್ತೆ.”

ಒಂದು ಗಳಿಗೆ ತಾವು ಕೂತು ಆಡಿದ ಕುರ್ಚಿಯತ್ತ ನೋಡಿದರು. ಆಮೇಲೆ ಮೆಟ್ಟಿಲಿಳಿದು ಹೋದರು.

“ಒಂದು ಬಟನ್ನಿಗೆ ಇಷ್ಟು ವರ್ಷದ ಕೆಲಸ ನೀರಿಗೆ ಹಾಕಿದೆಯಲ್ಲೇ,” ಎಂದ ಅಣ್ಣ.

ಹಾಕಿದ್ದರೆ ಹಾಕಿದೆ. ಆದರೆ ಹೋಗುವ ಮನುಷ್ಯ ನಿಂತು ಕೇಳಿದನಲ್ಲ, ಆ ತಮ್ಮ ಏನಾದ ಎಂದು. ಹಾಗೆ ಕೇಳುವವರು ಇನ್ನೂ ಇದ್ದಾರೆ. ಯಾವ ಕಂಪನಿಯೂ ಬೇಡ, ನಾವೇ ಮಾರುತ್ತೇವೆ. ಅಣ್ಣ ಬರದಿದ್ದರೆ ನಾನೊಬ್ಬಳೇ. ಕಣ್ಣು ಎಳೆಯುತ್ತಿದೆ, ನಾಳೆ ಮೊದಲು…