ನಮ್ಮ ಗುಟ್ಟನ್ನು ನಮ್ಮಿಂದಲೇ ಕಾಪಾಡಿದವರಿಗೆ

ತಾಯಂದಿರ ಕೋಣೆಗೆ ಬೀಗ ಹಾಕಿಸಿದ ಮಾನ್ಯ ಅಧಿಕಾರಿಗಳೇ,

ಎಚ್‌ಐವಿ ಇರುವ ನಾವು ಕೆಲವು ಬಾಣಂತಿಯರು ಗುರುವಾರ ಮಧ್ಯಾಹ್ನ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದ ಶಿವಮೊಗ್ಗದ ಆಸ್ಪತ್ರೆಯ ಕೋಣೆಯನ್ನು ತಾವು ಮುಚ್ಚಿಸಿದಿರಿ. ಕಾರಣ, ಗೋಪ್ಯತೆ. ಒಬ್ಬಳ ಕಾಯಿಲೆ ಇನ್ನೊಬ್ಬಳಿಗೆ ತಿಳಿಯಬಾರದಂತೆ. ಇನ್ನು ಒಬ್ಬೊಬ್ಬರೇ ಬಂದು ಆಪ್ತಸಮಾಲೋಚಕರನ್ನು ಕಂಡು ಹೋಗಬೇಕಂತೆ. ಎಂಥ ಕಾಳಜಿ. ನಮ್ಮ ಗುಟ್ಟನ್ನು ತಾವು ನಮ್ಮಿಂದಲೇ ಕಾಪಾಡಿದ್ದೀರಿ.

ನನ್ನ ಮದುವೆಯ ಆಲ್ಬಂ ಇನ್ನೂ ದಿಂಬಿನ ಪಕ್ಕದಲ್ಲೇ ಇದೆ. ನನ್ನವರೆಂದರೆ ಈಗಲೂ ಹುಚ್ಚು ಪ್ರೀತಿ. ರಕ್ತದ ವರದಿ ಬಂದ ದಿನವೂ ಅದು ಕಡಿಮೆಯಾಗಲಿಲ್ಲ, ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ. ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಆ ಮೂರಕ್ಷರಗಳ ಪೂರ್ಣರೂಪ ಬರೆದು ಪೂರ್ತಿ ಅಂಕ ಪಡೆದವಳು ನಾನು. ಆದರೆ ಮಗು ನೋಡಲು ಬಂದವರು, “ಏನ್ ಮಾರಾಯ್ತಿ, ಎಳೆ ಮಗೀಗೆ ಡಬ್ಬಿ ಹಾಲಾ? ನಿಂಗೇನ್ ರೋಗ ಬಂದಿದೆ?” ಎಂದು ನಗುತ್ತ ಕೇಳಿದರೆ ಏನು ಹೇಳಬೇಕೆಂದು ಯಾವ ಪಠ್ಯದಲ್ಲಿತ್ತು?

ಕೋಣೆಯಲ್ಲಿ ನಾವು ಯಾರ ಹೆಸರನ್ನೂ ಮನೆಯನ್ನೂ ಕೇಳುತ್ತಿರಲಿಲ್ಲ. ಗೋಪ್ಯತೆ ನಮಗೂ ಗೊತ್ತಿತ್ತು, ಸ್ವಾಮಿ. ಸದಾ ಬಿಕ್ಕಳಿಸುವ ಮಗನಿಂದ ನಾನು ಬಿಕ್ಕಳಿಕೆ ಅಮ್ಮ. ಕುಲಾವಿ ಕಿತ್ತೆಸೆಯುವ ಮಗಳಿಂದ ಭದ್ರಾವತಿಯವಳೊಬ್ಬಳು ಕುಲಾವಿ ಅಮ್ಮ. ಡಬ್ಬಿ ಹಾಲಿನ ಮಾತು ಹೇಳಿ ಅತ್ತಾಗ ಅವಳೆಂದಳು: “ಫಿಗರ್ ಹಾಳಾಗುತ್ತೆ ಅಂದ್ಬಿಡೇ. ಇಂಗ್ಲಿಷ್ ಕಲ್ತೋಳು ಅಂತ ಬೈತಾರೆ, ಅಷ್ಟೇ.”

“ನಮ್ಮತ್ತೆ ಹೊರಗೆ ಹಾಕ್ತಾರೆ ಕಣೇ” ಎಂದೆ.

ಕೋಣೆಯೇ ನಕ್ಕಿತು. ಕೊನೆಗೆ ಎಲ್ಲರೂ ಸೇರಿ ಬೇರೊಂದು ಉತ್ತರ ಕಟ್ಟಿಕೊಟ್ಟರು. ಅದನ್ನಿಲ್ಲಿ ಬರೆಯಲಾರೆ, ಇನ್ನೂ ಬಳಕೆಯಲ್ಲಿದೆ.

ಬೀಗ ಬಿದ್ದ ಮೇಲೆ ಹೆಸರು ಗೊತ್ತಿಲ್ಲದ ಕುಲಾವಿ ಅಮ್ಮನನ್ನು ಎಲ್ಲಿ ಹುಡುಕಲಿ? ಒಂದು ದಿನ ಗಾಂಧಿ ಬಜಾರಿನ ಬಟ್ಟೆ ಅಂಗಡಿಯೊಂದರಲ್ಲಿ ತಾನಾಗಿ ಎದುರಾದಳು. ಅವಳ ಪಕ್ಕ ಅವಳತ್ತೆ, ನನ್ನ ಪಕ್ಕ ನನ್ನತ್ತೆ. ನನ್ನ ಮಗ ಬಿಕ್ಕಳಿಸಿದ. ನಗಲು ಹೊರಟವಳು ಸೀರೆಗಳ ಕಡೆ ಮುಖ ತಿರುಗಿಸಿದಳು.

“ಯಾರೇ ಅದು?” ಅತ್ತೆ ಕೇಳಿದರು.

“ಗೊತ್ತಿಲ್ಲ ಅತ್ತೆ” ಎಂದೆ. ಪೂರ್ತಿ ಸುಳ್ಳೂ ಅಲ್ಲ.

ಮಕ್ಕಳಿಗೆ ಸೋಂಕಿದೆಯೋ ಇಲ್ಲವೋ ಖಚಿತವಾಗುವುದು ಒಂದೂವರೆ ವರ್ಷ ತುಂಬಿದ ಮೇಲೆ. ಅಲ್ಲಿಯ ತನಕ ನಾನು ಯಾರ ಜೊತೆ ಕಾಯಲಿ? ಸಮಾಲೋಚಕರು ಒಳ್ಳೆಯವರೇ. ಆದರೆ ಅವರ ಮಗು ಕೆಮ್ಮಿದರೆ ಅದು ಬರೀ ಕೆಮ್ಮು.

ಗುರುವಾರ ಮಧ್ಯಾಹ್ನ ಆ ಬೀಗ ತೆಗೆಸಿ. ಕುರ್ಚಿ, ಫ್ಯಾನು ಯಾವುದೂ ಬೇಡ. ಚಾಪೆ ನಾವೇ ತರುತ್ತೇವೆ. ಕೆಳಗಿನ ಸಹಿ ತಮಗೆ ಅರ್ಥವಾಗದಿದ್ದರೂ ಪರವಾಗಿಲ್ಲ. ಭದ್ರಾವತಿಯಲ್ಲಿ ಒಬ್ಬಳಿಗೆ ಆದೀತು, ಇದು ಅಚ್ಚಾದ ಪತ್ರಿಕೆ ಅವಳ ಮನೆಗೆ ಬರುವುದಾದರೆ.

ಇಂತಿ,
ತಮ್ಮ ಕೃಪೆಯಿಂದ ಅತ್ಯಂತ ಗೋಪ್ಯವಾಗಿರುವ
ಬಿಕ್ಕಳಿಕೆ ಅಮ್ಮ